ನಿಂತ ಹೆಂಗಸಿನ ಕೈಗುಣ

ನಮ್ಮ ಮನೆಯಲ್ಲಿ ಶಿವನಿಗೆ ಮೈಲಿಗೆ ಇರಲಿಲ್ಲ, ಹುಳಕ್ಕೆ ಇತ್ತು. ಕೊರಳಿಗೆ ಲಿಂಗ ಕಟ್ಟಿದ ಮೇಲೆ ಹೆಂಗಸಿನ ಮುಟ್ಟಿಗೆ ಸೂತಕವಿಲ್ಲ ಎಂದು ಮಠದ ಅಯ್ಯನವರು ವರ್ಷಕ್ಕೊಮ್ಮೆ ಬಂದು ಹೇಳಿಹೋಗುತ್ತಿದ್ದರು. ನಾವೂ ಹಾಗೇ ನಡೆಯುತ್ತಿದ್ದೆವು. ಆ ಮೂರು ದಿನವೂ ಅಡಿಗೆ ಮಾಡುತ್ತಿದ್ದೆವು, ನೀರು ಹೊರುತ್ತಿದ್ದೆವು, ಲಿಂಗಪೂಜೆಗೆ ಕೂರುತ್ತಿದ್ದೆವು. ಆದರೆ ರೇಷ್ಮೆ ಹುಳ ಸಾಕುವ ಕೋಣೆಯ ಹೊಸಿಲನ್ನು ಮಾತ್ರ ದಾಟುವಂತಿರಲಿಲ್ಲ. ಮುಟ್ಟಾದವಳ ಗಾಳಿ ಸೋಕಿದರೆ ಹುಳ ಸಾಯುತ್ತದೆ ಎನ್ನುವುದು ಹನೂರಿನಿಂದ ಅಜ್ಜೀಪುರದವರೆಗೆ ಹಿಪ್ಪುನೇರಳೆ ಸೊಪ್ಪು ಬೆಳೆದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದು ಹೇಗೆ ಗೊತ್ತಾಯಿತು ಎಂದು ಕೇಳಿದವರನ್ನು ನಾನು ಕಾಣೆ. ನಾನೂ ಕೇಳಲಿಲ್ಲ.

ನಾನು ಯಳಂದೂರಿನವಳು. ನನ್ನನ್ನು ಹದಿನೈದನೇ ವಯಸ್ಸಿನಲ್ಲಿ ಹನೂರಿನ ಆಚೆಯ ಈ ಊರಿಗೆ ಕೊಟ್ಟರು. ಯಳಂದೂರು ಮೈಸೂರು ಮಹಾರಾಜರದು, ಇದು ಇಂಗ್ಲಿಷರ ಸೀಮೆ. ಒಂದು ದಿನದ ಗಾಡಿ ಹಾದಿಯಲ್ಲಿ ರಾಜ್ಯವೇ ಬದಲಾಗಿ, ಕಚೇರಿಯ ಕಾಗದವೆಲ್ಲ ತಮಿಳಾಗಿತ್ತು. ತವರಿನಲ್ಲಿ ನಾಲ್ಕನೇ ತರಗತಿ ಓದಿದ್ದೆ. ಆ ಓದಿನ ಜಂಬ ನನಗೆ ಸಾಕಷ್ಟಿತ್ತು. ಈ ಮನೆಗೆ ಬಂದ ಮೇಲೆ ಅದು ಯಾವ ಕೆಲಸಕ್ಕೂ ಬರಲಿಲ್ಲ, ಏಕೆಂದರೆ ಇಲ್ಲಿ ಓದಿದವಳಿಗೆ ಬೆಲೆ ಇರಲಿಲ್ಲ, ಹುಳದ ಮನೆಯ ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವಳಿಗೆ ಬೆಲೆ.

ಆ ಕೀಲಿ ನನ್ನ ಅತ್ತೆಯ ಸೊಂಟದಲ್ಲಿತ್ತು. ಗೇಣುದ್ದದ ಕಬ್ಬಿಣದ ಕೀಲಿ. ಸದಾ ಉಜ್ಜಿ ಉಜ್ಜಿ ಅವರ ಸೊಂಟದ ಎಡಬದಿಯ ಚರ್ಮ ಕಪ್ಪುಗಟ್ಟಿತ್ತು. ಎತ್ತರದ ಹೆಂಗಸು, ಮಾತು ಕಡಿಮೆ, ಕೈ ಮಾತ್ರ ಹೂವಿನಂತೆ ಹಗುರ. ಎಳೇ ಹುಳವನ್ನು ಬೇರೆಯವರು ಹಕ್ಕಿಗರಿಯಲ್ಲಿ ಎತ್ತಿದರೆ ಅವರು ಬೆರಳಲ್ಲೇ ಎತ್ತುತ್ತಿದ್ದರು. ಸೊಪ್ಪನ್ನು ಮೂಸಿ ನೋಡಿ, ಇದು ಕೆರೆ ಬದಿಯದು, ಇದು ಮೇಗಲ ಹೊಲದ್ದು ಎನ್ನುತ್ತಿದ್ದರು. ಮಾವನವರು ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಯಜಮಾನರು. ಆದರೂ ಹುಳದ ಮನೆಯ ಬಾಗಿಲಲ್ಲಿ ನಿಂತು, "ಒಳಿಕ್ ಬರ್ಲಾ?" ಎಂದು ಹೆಂಡತಿಯನ್ನು ಕೇಳುತ್ತಿದ್ದರು. ಅವರು ಹೆಂಡತಿಯನ್ನು ಏನಾದರೂ ಕೇಳುತ್ತಿದ್ದದ್ದು ಅದೊಂದೇ ಜಾಗದಲ್ಲಿ.

ಮೊಟ್ಟೆ ಒಡೆದದ್ದರಿಂದ ಗೂಡು ಕಟ್ಟುವವರೆಗೆ ಹುಳಕ್ಕೆ ಒಂದು ತಿಂಗಳು. ಹೆಂಗಸಿನ ಲೆಕ್ಕವೂ ಒಂದು ತಿಂಗಳು. ಆದ್ದರಿಂದ ಯಾವ ಹೆಂಗಸೂ ಒಂದು ಬೆಳೆಯನ್ನು ತಾನೊಬ್ಬಳೇ ಮೊದಲಿಂದ ಕೊನೆಯವರೆಗೆ ನೋಡಿಕೊಳ್ಳುವುದು ಸಾಧ್ಯವಿರಲಿಲ್ಲ, ಮಧ್ಯೆ ಮೂರು ದಿನ ಹೊರಗೆ ಇರಲೇಬೇಕು. ಆ ಮೂರು ದಿನ ಮಾವನವರು ತಮ್ಮ ಒರಟು ಕೈಯಲ್ಲಿ ಸೊಪ್ಪು ಎರಚುತ್ತಿದ್ದರು, ಅತ್ತೆ ಬಾಗಿಲಾಚೆ ಕೂತು ಹುಳ ಸೊಪ್ಪು ತಿನ್ನುವ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದರು. ಇದೇ ಕಾರಣಕ್ಕೆ ನಮ್ಮ ಕಡೆ ಮುಟ್ಟು ನಿಂತ ಹೆಂಗಸಿಗೆ ಹುಳದ ಮನೆಯಲ್ಲಿ ಎಲ್ಲಿಲ್ಲದ ಮರ್ಯಾದೆ. ಬೇರೆ ಕಡೆ ಮುದುಕಿ ಅನ್ನಿಸಿಕೊಳ್ಳುವವಳು ಇಲ್ಲಿ "ನಿಂತ ಹೆಂಗಸು, ಕೈಗುಣ ಒಳ್ಳೇದು" ಅನ್ನಿಸಿಕೊಳ್ಳುತ್ತಿದ್ದಳು. ನಿಲ್ಲಬೇಕು ಎಂದು ಎಲ್ಲರೂ ಕಾಯುತ್ತಿದ್ದರು. ನಿಲ್ಲುವುದಕ್ಕೆ ಮುಂಚೆ ಅವಳ ಮೈಯಲ್ಲಿ ಏನೇನು ನಡೆಯುತ್ತದೆ ಎಂದು ಕೇಳುವ ಪುರಸೊತ್ತು ಒಬ್ಬರಿಗೂ ಇರಲಿಲ್ಲ. ಗಂಡಸಿಗೇಕೆ ಗೌರಿ ದುಃಖ ಅನ್ನುತ್ತಾರಲ್ಲ, ನಮ್ಮಲ್ಲಿ ಹೆಂಗಸರಿಗೂ ಗೌರಿ ದುಃಖ ಬೇಕಾಗಿರಲಿಲ್ಲ.

ನಾನು ಬಂದ ಮೂರನೇ ವರ್ಷ ಅತ್ತೆಗೆ ನಲವತ್ತಾರೋ ನಲವತ್ತೇಳೋ. ಆ ವರ್ಷ ಅವರು ಬದಲಾದರು. ಛಳಿಯ ದಿನದಲ್ಲಿ ಹುಳಕ್ಕೆ ಬೆಚ್ಚಗಿರಲಿ ಎಂದು ಒಳಗೆ ಇದ್ದಿಲ ಕೆಂಡ ಇಟ್ಟಿರುತ್ತೇವೆ. ಅತ್ತೆ ಇದ್ದಕ್ಕಿದ್ದಂತೆ ಕುತ್ತಿಗೆಯವರೆಗೆ ಕೆಂಪಾಗಿ, ಬೆವರಿ, ಸೊಪ್ಪಿನ ಬುಟ್ಟಿಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡುತ್ತಿದ್ದರು. ಒರಳುಕಲ್ಲಿಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೇ ಮೈ ನಡುಗುತ್ತಿತ್ತು. ಒಮ್ಮೆ ಹುಳದ ಮನೆಯ ಕಿಟಕಿ ತೆರೆದು ಗಾಳಿಗೆ ಮುಖ ಒಡ್ಡಿ ನಿಂತಿದ್ದರು. ಮಾವ ಕಂಡು ರೇಗಿದರು. "ಹುಳಕ್ಕೆ ಗಾಳಿ ಒಡೀತದೆ, ತಲೆ ನೆಟ್ಟಗದಾ ನಿಂಗೆ?" ಅತ್ತೆ ಕಿಟಕಿ ಮುಚ್ಚಿದರು. ನಿದ್ದೆ ಇಲ್ಲದ ಕಣ್ಣು, ಸಣ್ಣದಕ್ಕೆಲ್ಲ ಸಿಡುಕು. ಇಟ್ಟ ವಸ್ತು ಮರೆತು ನನ್ನನ್ನು ಬಯ್ಯುವುದು, ಬಯ್ದು ಆಮೇಲೆ ತಾವೇ ಸೆರಗಿನಲ್ಲಿ ಮುಖ ಒರಸಿಕೊಳ್ಳುವುದು. ನನಗೆ ಆಗ ಹದಿನೆಂಟು. ಅತ್ತೆಗೆ ನನ್ನನ್ನು ಕಂಡರಾಗುವುದಿಲ್ಲ, ಅಷ್ಟೇ, ಎಂದು ತೀರ್ಮಾನ ಮಾಡಿದ್ದೆ. ಅಕ್ಷರ ಓದಲು ಬರುತ್ತಿದ್ದ ನನಗೆ ಎದುರಿಗಿದ್ದ ಹೆಂಗಸನ್ನು ಓದಲು ಬರಲಿಲ್ಲ.

ಆಮೇಲೆ ಅವರ ಮುಟ್ಟು ತಪ್ಪತೊಡಗಿತು. ಎರಡು ತಿಂಗಳು ಇಲ್ಲ, ಮೂರು ತಿಂಗಳು ಇಲ್ಲ. ನಮ್ಮ ಹೆಂಗಸರ ಇಂಥ ಸುದ್ದಿ ಹೇಳದೆಯೇ ಊರು ತಲುಪುತ್ತದೆ. ಹುಳದ ಮನೆಯ ಹೊಸಿಲಾಚೆ ಯಾರು ಯಾವಾಗ ಕೂತರು, ಯಾರು ಕೂರಲಿಲ್ಲ ಎನ್ನುವುದೇ ಊರಿಗೆ ಪಂಚಾಂಗ. ಬಾವಿಯ ಹತ್ತಿರ ಒಬ್ಬಳು ಬಿಂದಿಗೆ ಎತ್ತಿಕೊಳ್ಳುತ್ತಾ ನನ್ನ ಕಡೆ ನೋಡಿ ಹೇಳಿದಳು: "ಸೊಸೆ ಒಟ್ಟೆ ಇನ್ನೂ ತುಂಬ್ನಿಲ್ಲ, ಅತ್ತೆ ಮುಂದಾದ್ಲಲ್ಲಪ್ಪ." ಎಲ್ಲರೂ ನಕ್ಕರು. ಮೂರು ವರ್ಷವಾದರೂ ನನಗೆ ಮಕ್ಕಳಾಗಿರಲಿಲ್ಲ. ನನ್ನನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಮಾಡುವ ಮಾತು ಜಗಲಿಯಲ್ಲಿ ಒಂದೆರಡು ಬಾರಿ ನನ್ನ ಕಿವಿಗೂ ಬಿದ್ದಿತ್ತು. ಆ ನಗು ಅತ್ತೆಯ ಮೇಲೆ ಎದ್ದದ್ದೇ ಆದರೂ ನನ್ನ ಮೇಲೂ ಬಿತ್ತು. ಆ ದಿನ ನಾನು ಅತ್ತೆಯ ಮೇಲೆ ಹಲ್ಲು ಕಚ್ಚಿದೆ. ಬಾವಿಯ ಹೆಂಗಸಿನ ಮೇಲೆ ಕಚ್ಚಬೇಕಿತ್ತು.

ಅತ್ತೆಗೆ ಆ ಮಾತು ಮುಟ್ಟಿತು. ಅವರು ಎರಡು ದಿನ ನೀರಿಗೆ ಹೋಗಲಿಲ್ಲ. ಮೂರನೆಯ ದಿನ ಸೂಲಗಿತ್ತಿಯನ್ನು ಕರೆಸಿದರು. ಆಕೆ ಹೊಟ್ಟೆ ಮುಟ್ಟಿ ನೋಡಿ, ಎಲೆಯಡಿಕೆ ಹಾಕಿಕೊಂಡು, "ಬಸ್ರೂ ಇಲ್ಲ, ಎಂತದೂ ಇಲ್ಲ. ನಿಲ್ಲಾ ಕಾಲ ಕಣವ್ವ. ಆದ್ರೆ ನಿಂತೋಯ್ತು ಅಂತ ನಂಬ್ಬ್ಯಾಡ. ಆರೋ ದೀಪ ಜೋರಾಗಿ ಉರೀತದೆ" ಎಂದಳು. ಆ ಮಾತಿನ ಮೊದಲರ್ಧವನ್ನು ಮಾತ್ರ ಮನೆ ಕೇಳಿಸಿಕೊಂಡಿತು. ಮಾವನವರಿಗೆ ಮುಖವೆಲ್ಲ ನಗು. ಐದು ತಿಂಗಳು ಕಳೆದಿತ್ತು, ನಿಂತಂತೆಯೇ ಸರಿ. ಇನ್ನು ಹೊಸಿಲಾಚೆ ಕೂರುವ ಪಾಡಿಲ್ಲ. ಅವರು ಕೊಳ್ಳೇಗಾಲಕ್ಕೆ ಗಾಡಿ ಕಟ್ಟಿ ಆ ಬಾರಿ ಎಂದಿನ ಎರಡರಷ್ಟು ಮೊಟ್ಟೆ ತಂದರು. ಹುಳ ಹರಡುವ ಬಿದಿರ ತಟ್ಟೆ ಸಾಲದೆ ಅಕ್ಕಪಕ್ಕದವರಲ್ಲಿ ಕೇಳಿ ತಂದು ಅಟ್ಟಣೆಯ ತುಂಬ ಜೋಡಿಸಿದರು. "ಈಗ್ ನೋಡು, ನಿಂತೋಳ್ ಕೈಲಿ ಹುಳ ಎಂಗ್ ಏಳ್ತದೆ ಅಂತ" ಎಂದು ಊರಿಗೆಲ್ಲ ಸಾರಿದರು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರಿಗೂ ಒಳಗೊಳಗೆ ಸಂತೋಷವಾಗಿತ್ತು. ಅದನ್ನು ನಾನು ಕಂಡಿದ್ದೇನೆ. ಬಸುರಿ ಎಂದು ನಕ್ಕವರ ಬಾಯಿ ಮುಚ್ಚುವ ಬೆಳೆ ಅದು.

ಹುಳ ನಾಲ್ಕು ಬಾರಿ ಪೊರೆ ಕಳಚುತ್ತದೆ. ಅದಕ್ಕೆ ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಆಗ ಅದು ತಲೆ ಎತ್ತಿ ಅಲ್ಲಾಡದೆ ಇರುತ್ತದೆ, ಸೊಪ್ಪು ತಿನ್ನುವುದಿಲ್ಲ. ಆ ಹೊತ್ತಿನಲ್ಲಿ ಯಾರೂ ತಟ್ಟೆ ಅಲುಗಿಸಬಾರದು, ಒಗ್ಗರಣೆ ಹಾಕಬಾರದು, ಗಟ್ಟಿಯಾಗಿ ಮಾತಾಡಬಾರದು. ಮಾವನವರು ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮುತ್ತಿದ್ದರು. ಹುಳಕ್ಕೆ ಇಷ್ಟು ಉಪಚಾರ ಗೊತ್ತಿದ್ದ ಮನೆಯಲ್ಲಿ ಒರಳುಕಲ್ಲಿಗೆ ಬೆನ್ನು ಕೊಟ್ಟು ಕೂತ ಹೆಂಗಸಿಗೆ ಒಂದು ಲೋಟ ಮಜ್ಜಿಗೆ ಕೊಡಬೇಕು ಎಂದು ಯಾರಿಗೂ ತೋಚಲಿಲ್ಲ. ನನಗೂ ತೋಚಲಿಲ್ಲ.

ಆ ಬೆಳೆ ನಾಲ್ಕೂ ಜ್ವರ ದಾಟಿತು. ಇನ್ನು ಎಂಟು ದಿನ ಹೊಟ್ಟೆ ತುಂಬ ಸೊಪ್ಪು ತಿಂದರೆ ಹುಳ ಹಣ್ಣಾಗಿ ಗೂಡಿಗೆ ಏರುತ್ತದೆ. ಆಗ ಚಿತ್ತೆ ಮಳೆ ಹಿಡಿಯಿತು. ಅದೇ ದಿನ, ಹಿತ್ತಲಲ್ಲಿ ಒಣಹುಲ್ಲಿನ ಮೆದೆಯ ಹಿಂದೆ ಅತ್ತೆ ಹಳೇ ಬಟ್ಟೆ ಒಗೆದು ಬೇರೊಂದು ಸೀರೆಯ ಕೆಳಗೆ ಹರವುತ್ತಿದ್ದದ್ದನ್ನು ನಾನು ಕಂಡೆ. ಕಲ್ಲಿನ ಮೇಲಿನ ನೀರು ಕೆಂಪಾಗಿತ್ತು. ಅತ್ತೆ ತಿರುಗಿ ನನ್ನನ್ನು ನೋಡಿದರು. ಮುಖ ಬೂದಿ ಬಣ್ಣ.

"ಯಾವಾಗಿಂದ?" ಎಂದೆ.

"ನೆನ್ನೆ ಸಂದೇಲಿ. ಒಳಗಿದ್ದಾಗ್ಲೇ ಬಂತು. ಇಂಗೆ ಯಾವತ್ತೂ ಓಗಿರ್ನಿಲ್ಲ ಕಣವ್ವ, ಕೊಡ ಬಗ್ಗಿಸ್ದಂಗೆ." ಅವರು ನನ್ನ ಮೊಣಕೈ ಹಿಡಿದರು. ಮೂರು ವರ್ಷದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. "ಇನ್ನೆಂಟು ದಿನ. ಹುಳ ಹಣ್ಣಾಗ್ಲಿ. ಯಾರ್ಗೂ ಉಸುರ್ಬ್ಯಾಡ."

ನಾನು ತಲೆಯಾಡಿಸಿದೆ.

ಇನ್ನೂ ಒಂದು ದಿನ ಅವರು ಹಾಗೇ ಹುಳದ ಮನೆಯಲ್ಲಿ ನಿಂತು ಕೆಲಸ ಮಾಡಿದರು. ಹುಳಕ್ಕೆ ಏನೂ ಆಗಲಿಲ್ಲ. ಕಡ್ಡಿ ದಪ್ಪದ್ದು ಬೆರಳು ದಪ್ಪವಾಗಿ, ಸೊಪ್ಪು ಹಾಕಿದ ಹಾಗೆಲ್ಲ ಹಂಚಿನ ಮೇಲೆ ಮಳೆ ಬಿದ್ದ ಸದ್ದಿನಲ್ಲಿ ತಿನ್ನುತ್ತಿತ್ತು. ಮರುದಿನ ಬೆಳಿಗ್ಗೆ ಅತ್ತೆಗೆ ಏಳಲಾಗಲಿಲ್ಲ. ತಲೆನೋವು ಎಂದು ಮಾವನಿಗೆ ಹೇಳಿ ಕಣಜದ ಪಕ್ಕ ಚಾಪೆಯ ಮೇಲೆ ಮಲಗಿಬಿಟ್ಟರು. ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಸೊಪ್ಪು ಒದ್ದೆ ಬತ್ತದೆ. ಹಂಗೇ ಆಕ್ಬ್ಯಾಡ. ಪಂಚೆ ಮೇಲೆ ಹರವಿ ಒರ್ಸು, ಆರಿದ್ ಮ್ಯಾಲೆ ಆಕು. ತಡ ಆದ್ರೂ ಆಗ್ಲಿ" ಎಂದರು. ಎರಡು ಬಾರಿ ಹೇಳಿದರು.

ಮಾವನವರೂ ನನ್ನ ಗಂಡನೂ ಮಳೆಯಲ್ಲೇ ಕೊಯ್ದು ಬುಟ್ಟಿ ಬುಟ್ಟಿ ಸೊಪ್ಪು ತಂದು ಬಾಗಿಲಲ್ಲಿ ಸುರಿದು ಹೋದರು. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲ ಬುಟ್ಟಿಯನ್ನು ಹೇಳಿದ ಹಾಗೇ ಒರಸಿದೆ. ಅಷ್ಟರಲ್ಲಿ ಮೇಲಿನ ತಟ್ಟೆಗಳಲ್ಲಿ ಹುಳ ಸೊಪ್ಪಿಲ್ಲದೆ ತಲೆ ಆಡಿಸುತ್ತಿದ್ದವು. ಎಂದಿನ ಎರಡರಷ್ಟು ಹುಳ, ನಾನೊಬ್ಬಳು. ಎರಡನೇ ಬುಟ್ಟಿಯನ್ನು ಅರ್ಧ ಒರಸಿದೆ. ಮೂರನೆಯದನ್ನು ಕೊಡವಿ ಹಾಕಿದೆ. ಆಮೇಲಿನದನ್ನು ಕೊಡವಲೂ ಇಲ್ಲ. ಮರುದಿನ ಬೆಳಿಗ್ಗೆಯೂ ಹಾಗೇ. ತಿನ್ನುತ್ತಿವೆಯಲ್ಲ, ಏನಾಗುತ್ತದೆ ಎಂದುಕೊಂಡೆ.

ಮೂರನೇ ದಿನ ಬಾಗಿಲು ತೆಗೆದಾಗ ಸದ್ದಿರಲಿಲ್ಲ, ವಾಸನೆ ಇತ್ತು. ಹುಳ ಸಪ್ಪೆ ಬಿದ್ದಿದ್ದವು. ಮುಟ್ಟಿದರೆ ಕೊಳೆತ ಹಣ್ಣಿನಂತೆ ಮೆತ್ತಗೆ, ಬಾಯಿಂದ ಕಂದು ನೀರು. ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ ಅದೇ. ನಾನು ಕಿರುಚಿಕೊಂಡದ್ದಕ್ಕೆ ಎಲ್ಲರೂ ಬಂದರು. ಅತ್ತೆ ಗೋಡೆ ಹಿಡಿದುಕೊಂಡು ಬಂದು ಹೊಸಿಲಲ್ಲಿ ನಿಂತರು.

ಮಾವ ಅತ್ತೆಯ ಕಡೆ ತಿರುಗಿದರು. "ಏನ್ ಮಾಡ್ದೆ?"

"ನಾನೇನ್ ಮಾಡ್ಲಿ. ತಲೆನೋವು ಅಂತ ಮಲ್ಗಿದ್ದೆ."

"ಇಷ್ಟ್ ವರ್ಷ ಒಂದ್ ತಟ್ಟೆ ಕೆಟ್ಟಿಲ್ಲ. ಇವತ್ತು ಮನೆ ತುಂಬ ಕೆಟ್ಟದೆ. ಸುಮ್‌ಸುಮ್ನೆ ಕೆಡಕ್ಕಿಲ್ಲ." ಆಮೇಲೆ ನನ್ನ ಕಡೆ ನೋಡಿದರು. "ಒಳಗಿದ್ದೋಳು ನೀನು. ನೀ ಯೋಳು. ಏನಾಯ್ತು?"

ನನ್ನ ಕಾಲ ಬಳಿ ಸೊಪ್ಪಿನ ಬುಟ್ಟಿ ಇತ್ತು. ಅದರ ತಳದಲ್ಲಿ ಇನ್ನೂ ನೀರು ನಿಂತಿತ್ತು. ಯಾರಾದರೂ ಬಗ್ಗಿ ನೋಡಿದ್ದರೆ ಸಾಕಿತ್ತು. ನನಗೆ ಜಗಲಿಯ ಮಾತು ನೆನಪಾಯಿತು, ತವರಿನ ಗಾಡಿ ನೆನಪಾಯಿತು. ಬಾವಿಯ ಹತ್ತಿರದ ನಗುವೂ ನೆನಪಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ಹೆದರಿಕೆಯೊಂದೇ ಆಗಿದ್ದರೆ ಇಷ್ಟು ವರ್ಷ ಇದು ನನ್ನನ್ನು ಕುಕ್ಕುತ್ತಿರಲಿಲ್ಲ.

"ಅತ್ತೆ ಒಳಗಿದ್ದಾಗ ಮುಟ್ಟಾಗಿದ್ರು," ಎಂದೆ. "ಎರಡ್ ದಿನ ಯಾರಿಗೂ ಹೇಳ್ದೆ ಒಳಗೇ ಇದ್ರು."

ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವ ಗಾದೆಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಬರೆ ಹಾಕುವ ಕೈ ನನ್ನದೇ ಆಗುತ್ತದೆ ಎಂದು ಯಾವ ಮಾಸ್ತರೂ ಹೇಳಿಕೊಟ್ಟಿರಲಿಲ್ಲ. ಮಾವ ಹೆಂಡತಿಯನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಅತ್ತೆಗೆ ಅಷ್ಟು ನೋಯುತ್ತಿರಲಿಲ್ಲವೇನೋ. ನನ್ನ ಸೊಂಟದಲ್ಲಿದ್ದ ಕೀಲಿಯನ್ನು ತೋರಿಸಿ, "ಅದು ಇನ್ ಅಲ್ಲೇ ಇರ್ಲಿ. ಇವ್ಳು ಈ ಹೊಸ್ಲು ತುಳೀಕೂಡ್ದು" ಎಂದರು. ನನ್ನ ಗಂಡ ತಾಯಿಯ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತಿಪ್ಪೆಯ ಪಕ್ಕ ಗುಂಡಿ ತೋಡಿ ಹುಳವನ್ನೆಲ್ಲ ಸುರಿದರು. ಎಲ್ಲರೂ ಒಳಗೆ ಹೋದ ಮೇಲೆ ಅತ್ತೆ ಗುಂಡಿಯ ಹತ್ತಿರ ಹೋಗಿ, ಅಂಚಿನಲ್ಲಿ ಬಿದ್ದಿದ್ದ ಒಂದು ಹಿಡಿ ಸೊಪ್ಪು ಎತ್ತಿಕೊಂಡು, ಹಿಂಡಿ ನೋಡಿ, ಮೂಸಿದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕಾದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಅವರು ಸೊಪ್ಪನ್ನು ಗುಂಡಿಗೆ ಎಸೆದು ಕೈ ತೊಳೆದುಕೊಂಡರು.

ಆ ಬಾರಿಯ ಸ್ರಾವ ಇಪ್ಪತ್ತು ದಿನ ನಿಲ್ಲಲಿಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು ಯಾರೂ ಅನ್ನಲಿಲ್ಲ. ಗಾಡಿ ಕಟ್ಟಿದರೆ ಯಾಕೆ ಎಂದು ಊರು ಕೇಳುತ್ತದೆ. ಸೂಲಗಿತ್ತಿ ಅತ್ತಿಮರದ ಚಕ್ಕೆಯ ಕಷಾಯ ಕೊಟ್ಟಳು. ಅತ್ತೆ ಬದುಕಿದರು. ಇನ್ನೂ ಎರಡು ವರ್ಷ ಅದು ಬರುತ್ತಾ ಹೋಗುತ್ತಾ ಇತ್ತು, ಬೆಂಕಿಯಂಥ ಮೈಯೂ ಒರಳುಕಲ್ಲೂ ಹಾಗೇ ಇದ್ದವು. ಈಗ ಅವರು ಸಿಡುಕುತ್ತಿರಲಿಲ್ಲ. ಸಿಡುಕುವುದಕ್ಕೂ ಮನೆಯಲ್ಲಿ ಒಂದು ಜಾಗ ಬೇಕು. ಆಮೇಲೊಂದು ದಿನ ಅವರಿಗೆ ನಿಜವಾಗಿಯೂ ನಿಂತಿರಬೇಕು. ಊರ ಲೆಕ್ಕದಲ್ಲಿ ಅವರು ಆಗ ಹುಳದ ಮನೆಗೆ ಎಲ್ಲರಿಗಿಂತ ಬೇಕಾದ ಹೆಂಗಸು. ಆದರೆ ಕೈ ಕೆಟ್ಟದ್ದು ಎಂಬ ಹೆಸರು ಬಂದಾಗಿತ್ತು, ಯಾರೂ ಕರೆಯಲಿಲ್ಲ. ನಿಂತಿತು ಎಂದು ಅವರೂ ಯಾರಿಗೂ ಹೇಳಲಿಲ್ಲ.

ನಾನು ಮರುವರ್ಷವೇ ಬಸುರಾದೆ. ಒಂದಾದ ಮೇಲೊಂದು ಮೂರು ಮಕ್ಕಳಾದವು. ಕೀಲಿ ನನ್ನ ಸೊಂಟದ ಚರ್ಮವನ್ನೂ ಕಪ್ಪು ಮಾಡಿತು. ಒದ್ದೆ ಎಲೆಯನ್ನು ನಾನು ಮತ್ತೆ ಯಾವತ್ತೂ ಹಾಕಲಿಲ್ಲ. ಒಂದೊಂದು ಎಲೆಯನ್ನೂ ಒರಸುವ ನನ್ನ ಶಿಸ್ತನ್ನು ಊರು ಹೊಗಳಿತು. ಅತ್ತೆ ಅಡಿಗೆಮನೆಯಲ್ಲಿ ಕೂತು ನನ್ನ ಮಕ್ಕಳನ್ನು ಬೆಳೆಸಿದರು. ಅವರು ಸುಮ್ಮನಿದ್ದದ್ದು ನನ್ನನ್ನು ಉಳಿಸಲು, ತವರಿಗೆ ಅಟ್ಟಿಬಿಡುತ್ತಾರೆ ಎಂಬ ಕರುಣೆಯಿಂದ, ಎಂದು ನಾನೇ ಒಂದು ಕಥೆ ಕಟ್ಟಿಕೊಂಡೆ. ಆ ಕಥೆಯ ಮೇಲೆ ತಲೆಯಿಟ್ಟು ಇಪ್ಪತ್ತೆಂಟು ವರ್ಷ ನಿದ್ದೆ ಮಾಡಿದೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಹಾಗೆನ್ನುವವರು ಗೆಲುವಿನ ಮಾತಾಡುತ್ತಾರೆ. ನನ್ನ ಕಾಲ ಬಂದದ್ದು ಕೆಂಡದ ಪಕ್ಕ ಸೊಪ್ಪು ಹಾಕುತ್ತಿದ್ದಾಗ. ಹೊಟ್ಟೆಯಿಂದ ಎದ್ದ ಬೆಂಕಿ ಕಿವಿಯವರೆಗೆ ಏರಿತು. ಬುಟ್ಟಿ ಬಿಟ್ಟು ಹಿತ್ತಲಿಗೆ ಓಡಿ ಒರಳುಕಲ್ಲಿಗೆ ಬೆನ್ನು ಕೊಟ್ಟಾಗ ತಣ್ಣಗಾಯಿತು. ಆ ಕಲ್ಲು ಎಷ್ಟು ತಂಪು ಎಂದು ನನಗೆ ಗೊತ್ತಾದದ್ದು ಅಂದೇ. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಮನೆಗೆ ನನ್ನ ಸೊಸೆ ಬಂದಿದ್ದಳು. ಅಷ್ಟು ಹೊತ್ತಿಗೆ ಹನೂರಿನಿಂದ ಬಸ್ಸು ಓಡುತ್ತಿತ್ತು. ಯಳಂದೂರಿಗೆ, ತಮ್ಮನ ಮನೆಗೆ ಎಂದು ಸುಳ್ಳು ಹೇಳಿ ಕೊಳ್ಳೇಗಾಲದಲ್ಲಿ ಇಳಿದು ಲೇಡಿ ಡಾಕ್ಟರಿಗೆ ತೋರಿಸಿದೆ. ತಮಿಳಿನವರು, ಕನ್ನಡ ತಡವರಿಸುತ್ತಿದ್ದರು. "ಇದು ರೋಗ ಇಲ್ಲಮ್ಮ. ಎಲ್ಲಾ ಹೆಂಗಸಿಗೂ ಬರುತ್ತೆ. ಕೆಲವರಿಗೆ ಜಾಸ್ತಿ ಹೋಗುತ್ತೆ, ಆಗ ಮಲಗಬೇಕು, ಇಲ್ಲಿಗೆ ಬರಬೇಕು. ಹೆದರಬೇಡಿ" ಎಂದು ರಕ್ತಕ್ಕೆ ಟಾನಿಕ್ಕು ಬರೆದುಕೊಟ್ಟರು. ಇಷ್ಟೇ ಮಾತು. ಅತ್ತೆಗೆ ಇಷ್ಟು ಮಾತನ್ನು ಯಾರೂ ಆಡಿರಲಿಲ್ಲ. ಬಸ್ಸಿನಲ್ಲಿ ಹನೂರಿನವರೆಗೂ ಅಳುತ್ತಲೇ ಬಂದೆ.

ಆದರೆ ಬುದ್ಧಿ ಬಂತೇ? ಇಲ್ಲ. ನಾಲ್ಕು ತಿಂಗಳು ತಪ್ಪಿದ್ದೇ ನನ್ನ ಗಂಡ ಅಪ್ಪನ ಹಾಗೇ ಮುಖ ಅರಳಿಸಿದರು. ಎರಡರಷ್ಟು ಮೊಟ್ಟೆ ಬಂತು. ನಾನೂ ಸುಮ್ಮನಿದ್ದೆ. ನಾಲ್ಕನೇ ಜ್ವರ ಕಳೆದ ಮೇಲೆ ನನಗೂ ಕೊಡ ಬಗ್ಗಿಸಿದ ಹಾಗೆ ಹೋಯಿತು. ಯಾರಿಗೂ ಹೇಳಲಿಲ್ಲ. ಆದರೆ ಅಡಿಗೆಮನೆಯ ಬಾಗಿಲಲ್ಲಿ ನಾನು ಗೋಡೆ ಹಿಡಿದು ನಿಂತ ರೀತಿಯನ್ನು ಅತ್ತೆ ನೋಡಿಬಿಟ್ಟರು. ಎಪ್ಪತ್ತು ದಾಟಿದ ಮುದುಕಿ ನನ್ನನ್ನು ಚಾಪೆಯ ಮೇಲೆ ಮಲಗಿಸಿ, ಕಾಲಡಿಗೆ ಹಾಸಿಗೆ ಸುತ್ತಿಟ್ಟು, ಎದೆಯ ಮೇಲೆ ಒದ್ದೆ ಬಟ್ಟೆ ಹರವಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದರು. "ಎದ್ದೇಳ್ಬ್ಯಾಡ. ಇದು ಓಯ್ತದೆ. ಆಮೇಕೆ ಮೈ ತಣ್ಗಾಯ್ತದೆ" ಎಂದರು. ತಮಗೆ ಯಾರೂ ಮಾಡದೇ ಇದ್ದದ್ದನ್ನೆಲ್ಲ ಅವರು ಎಲ್ಲಿಂದ ಕಲಿತರೋ. ನನ್ನ ಸೊಸೆ ನಾನು ಕಲಿಸಿದಂತೆ ಎಲೆ ಒರಸಿ ಒರಸಿ ಹಾಕಿದಳು. ಎರಡು ದಿನದ ಮೇಲೆ ನಾನು ಎದ್ದು, ಇನ್ನೂ ಹೋಗುತ್ತಿದ್ದಾಗಲೇ, ಹುಳದ ಮನೆಯೊಳಗೆ ನಡೆದೆ. ಹುಳ ಹಣ್ಣಾಗುವವರೆಗೂ ಒಳಗೇ ಇದ್ದೆ.

ಅಂಥ ಬೆಳೆ ನಮ್ಮ ಮನೆಯಲ್ಲಿ ಹಿಂದೆ ಬಂದಿರಲಿಲ್ಲ. ಗೂಡು ಕೊಳ್ಳಲು ಕೊಳ್ಳೇಗಾಲದಿಂದ ಬಂದ ಸಾಹುಕಾರ ಜಗಲಿಯಲ್ಲಿ ಕೂತು ಗೂಡನ್ನು ಬೆರಳಲ್ಲಿ ಅದುಮಿ ನೋಡುತ್ತಿದ್ದ. ನನ್ನ ಗಂಡ ಮೀಸೆ ಸವರಿ, "ನಿಂತ ಹೆಂಗಸಿನ ಕೈಗುಣ ಸಾ" ಎಂದರು.

ನಾನು ಬಾಗಿಲಿಗೆ ಬಂದು ನಿಂತೆ. ಅತ್ತೆ ನನ್ನ ಹಿಂದೆ ಗೋಡೆಗೆ ಒರಗಿ ಕೂತಿದ್ದರು.

"ನಂಗೆ ನಿಂತಿಲ್ಲ," ಎಂದೆ. "ಈ ಹುಳಕ್ಕೆ ಸೊಪ್ಪು ಹಾಕ್ದಾಗ ಮುಟ್ಟಾಗಿದ್ದೆ. ಕೊನೇವರ್ಗೂ ಒಳಗೇ ಇದ್ದೆ. ಅವತ್ತು ನಿಮ್ಮವ್ವನ ಹುಳ ಸತ್ತದ್ದು ಮುಟ್ಟಿಂದ ಅಲ್ಲ. ಒದ್ದೆ ಸೊಪ್ಪಿಂದ. ಹಾಕಿದ್ದು ನಾನು."

ಸಾಹುಕಾರ ಗೂಡನ್ನು ಬುಟ್ಟಿಗೆ ಹಾಕಿ ಅಂಗೈಯನ್ನು ಪಂಚೆಗೆ ಒರಸಿಕೊಂಡ. ನನ್ನ ಗಂಡ ನಕ್ಕು, "ಬಿಸ್ಲು ಸಾ, ತಲೆಗೆ ಏರ್ಬುಟ್ಟದೆ" ಎಂದರು. ಗೂಡು ಗಾಡಿಗೇರಿತು. ಗಾಡಿ ಕಣ್ಮರೆಯಾದ ಮೇಲೆ ಅವರು ನನ್ನ ಕಡೆ ಕೈ ಚಾಚಿದರು. ಕೀಲಿ ಬಿಚ್ಚಿ ಕೊಟ್ಟೆ. ಅದನ್ನು ಸೊಸೆಗೆ ಕೊಟ್ಟು, ಗಂಜಲ ಹಾಕಿ ಹುಳದ ಮನೆಯನ್ನು ತೊಳೆಯಲು ಹೇಳಿದರು. ಕಣ್ಣೆದುರಿಗೆ ಬಂದ ಬೆಳೆಯನ್ನು ನಂಬಲಿಲ್ಲ, ಕಣ್ಣಿಗೆ ಕಾಣದ ಗಾಳಿಯನ್ನು ನಂಬಿದರು.

ನಾನು ಅತ್ತೆಯ ಪಕ್ಕ ಕೂತೆ. ಇಪ್ಪತ್ತೆಂಟು ವರ್ಷದ ಹೊರೆ ಇಳಿಸಿದ್ದೇನೆ, ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಕಡೆಗೆ ನಾನೇ ಕೇಳಿದೆ. "ಸೊಪ್ಪು ಒದ್ದೆ ಇತ್ತು ಅಂತ ನಿಮಗೆ ಅವತ್ತೇ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ? ನನ್ನ ತವರಿಗೆ ಅಟ್ತಾರೆ ಅಂತ್ಲಾ?"

ಅತ್ತೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ, ನಾನು ಕಟ್ಟಿಕೊಂಡಿದ್ದ ಕರುಣೆಯೂ ಇರಲಿಲ್ಲ.

"ನಿನ್ ಇಚಾರ ಅವತ್ತು ನಂಗ್ಯಾಕ್ ಬತ್ತದೆ," ಎಂದರು. "ನೆತ್ರ ಓಗ್ತಿದ್ದೋಳು ಸೊಪ್ಪು ಒದ್ದೆ ಅಂದ್ರೆ ಯಾರ್ ನಂಬ್ತಿದ್ರು? ನೀ ಯೋಳಿದ್ರೆ ನಂಬ್ತಿದ್ರು ಕಣವ್ವ."

ಹುಳದ ಮನೆಯಿಂದ ಸೊಸೆ ನೀರು ಎರಚುವ ಸದ್ದು ಕೇಳುತ್ತಿತ್ತು. ಅತ್ತೆ ಆ ಕಡೆಗೆ ಕಿವಿ ಕೊಟ್ಟು, ತಟ್ಟೆಗಳನ್ನು ಬಿಸಿಲಿಗೆ ಹಾಕಿದಳೋ ಇಲ್ಲವೋ ಕೇಳು ಎಂದು ನನಗೆ ಹೇಳಿದರು.